ಕ್ಲೋರಿನ್ ವಾಸನೆಯಿಂದ ಶುರುವಾದ ಜಗಳ: ಪರಿಹಾರ ಶಿಬಿರದ ಒಂದು ತಂಡದ ಪ್ರಕರಣ ಅಧ್ಯಯನ

ಇದು ಒಂದು ಮಾದರಿ ಪ್ರಕರಣ. ನೆರೆಯಿಂದ ಮನೆ ಬಿಟ್ಟವರ ಶಿಬಿರಗಳಲ್ಲಿ ಕೆಲಸ ಮಾಡುವ ತಂಡಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ತಂಡದಲ್ಲಿಟ್ಟು ಬರೆದಿದ್ದೇನೆ. ಹಾಗಾಗಿ ಊರು, ಸಂಸ್ಥೆ, ವ್ಯಕ್ತಿ ಯಾರ ಹೆಸರೂ ಇಲ್ಲಿಲ್ಲ. ನೀರಿನ ಮಾನದಂಡಗಳು, ಕ್ಲೋರಿನ್ ಕೆಲಸ ಮಾಡುವ ರೀತಿ, ಹಳೆಯ ಘಟನೆಗಳು ಮಾತ್ರ ಇದ್ದದ್ದು ಇದ್ದಂತೆ. ತಾಂತ್ರಿಕ ವಿವರ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಬಹುದು. ಆದರೆ ಅದನ್ನು ಬಿಟ್ಟರೆ ಈ ಜಗಳ ಅರ್ಥವಾಗುವುದಿಲ್ಲ. ತಂಡದ ಜಗಳಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕೆಲಸದ ವಿವರ ಬಿಟ್ಟು ಬರೀ ಸ್ವಭಾವಗಳ ಬಗ್ಗೆ ಬರೆಯುತ್ತಾರೆ. ಈ ತಂಡದ ಮ್ಯಾನೇಜರ್ ಕೂಡ ಮೊದಲು ನೋಡಿದ್ದು ಸ್ವಭಾವಗಳನ್ನೇ. ಅದರಿಂದಲೇ ಒಂದು ತಿಂಗಳು ಕೈತಪ್ಪಿತು.

ಶಿಬಿರ ಮತ್ತು ತಂಡ

ಶಿಬಿರದಲ್ಲಿ ಸುಮಾರು 6,000 ಜನ. ನದಿ ನೀರನ್ನು ಪಂಪ್ ಮಾಡಿ, ಒಂದು ಟ್ಯಾಂಕಿನಲ್ಲಿ ಆಲಂ ಹಾಕಿ ಕೆಸರು ತಂಗಲು ಬಿಟ್ಟು, ಇನ್ನೊಂದು ಟ್ಯಾಂಕಿನಲ್ಲಿ ಕ್ಲೋರಿನ್ ಹಾಕಿ ನಲ್ಲಿಗಳಿಗೆ ಬಿಡುತ್ತಿದ್ದರು. ಇಂಥ ಕಡೆ ಎಲ್ಲರೂ ಇಟ್ಟುಕೊಳ್ಳುವ ಅಳತೆ ಸ್ಫಿಯರ್ ಮಾನದಂಡ, ಅಂದರೆ ಪರಿಹಾರ ಸಂಸ್ಥೆಗಳು ಒಟ್ಟಾಗಿ ಒಪ್ಪಿಕೊಂಡ ಕನಿಷ್ಠ ಮಟ್ಟಗಳು. ಅದರ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 250 ಜನಕ್ಕೆ ಒಂದು ನಲ್ಲಿ, ಸಾಲಿನಲ್ಲಿ ಕಾಯುವುದು 30 ನಿಮಿಷ ಮೀರಬಾರದು. ಅಂದರೆ ಇಲ್ಲಿ ದಿನಕ್ಕೆ 90,000 ಲೀಟರ್ ನೀರು, 24 ನಲ್ಲಿ ಬೇಕಿತ್ತು. ನೀರು ಹೆಚ್ಚುಕಡಿಮೆ ಅಷ್ಟು ಬರುತ್ತಿತ್ತು. ನಲ್ಲಿ ಇದ್ದದ್ದು 18. ಈ ಸಂಖ್ಯೆ ನೆನಪಿನಲ್ಲಿರಲಿ, ಆಮೇಲೆ ಬೇಕಾಗುತ್ತದೆ.

ನೀರಿನ ಕೆಲಸ ನೋಡುತ್ತಿದ್ದ ಎಂಜಿನಿಯರ್ ಬೇರೆ ದೇಶದವರು, ಆರು ತಿಂಗಳ ಕರಾರಿನ ಮೇಲೆ ಬಂದವರು. ಹಿಂದೆ ಕಾಲರಾ ಹರಡಿದ ಶಿಬಿರದಲ್ಲಿ ಕೆಲಸ ಮಾಡಿದ್ದರು. ಸಮುದಾಯ ಸಂಪರ್ಕದ ಮುಖ್ಯಸ್ಥೆ ಅದೇ ಪ್ರದೇಶದವರು. ನೆರೆಯಲ್ಲಿ ಅವರ ಮನೆಯೂ ಹೋಗಿತ್ತು. ಶಿಬಿರದಲ್ಲೇ ಇದ್ದ ಸ್ವಯಂಸೇವಕರನ್ನು ಕರೆದುಕೊಂಡು ಡೇರೆಯಿಂದ ಡೇರೆಗೆ ಹೋಗಿ ಕೈತೊಳೆಯುವುದು, ನೀರು ಮುಚ್ಚಿಡುವುದು, ಭೇದಿಯಾದರೆ ಓಆರ್‌ಎಸ್ ಕುಡಿಸುವುದು, ಇದನ್ನೆಲ್ಲ ಹೇಳಿಕೊಡುತ್ತಿದ್ದರು. ಅವರ ಕರಾರು ತಿಂಗಳಿಂದ ತಿಂಗಳಿಗೆ ನವೀಕರಣವಾಗುತ್ತಿತ್ತು.

ಇನ್ನೊಂದು ಮುಖ್ಯ ವಿಷಯ. ಎಂಜಿನಿಯರ್ ಉತ್ತರ ಕೊಡಬೇಕಿದ್ದದ್ದು ಕೇಂದ್ರ ಕಚೇರಿಯ ತಾಂತ್ರಿಕ ಮುಖ್ಯಸ್ಥರಿಗೆ. ಮುಖ್ಯಸ್ಥೆ ಉತ್ತರ ಕೊಡಬೇಕಿದ್ದದ್ದು ಶಿಬಿರದಲ್ಲಿದ್ದ ಪ್ರಾಜೆಕ್ಟ್ ಮ್ಯಾನೇಜರ್‌ಗೆ. ಇಬ್ಬರ ಮೇಲೂ ಮಾತು ನಡೆಯುವ ಒಬ್ಬರು ಶಿಬಿರದಲ್ಲಿ ಇರಲಿಲ್ಲ. ಕ್ಲೋರಿನ್ ಎಷ್ಟು ಹಾಕಬೇಕು ಅಂತ ಕೊನೆಗೆ ಹೇಳುವವರು ಯಾರು ಅನ್ನುವುದು ಯಾವ ಕಾಗದದಲ್ಲೂ ಇರಲಿಲ್ಲ. ಎಂಜಿನಿಯರ್ ಅದು ತನ್ನದೇ ಅಂದುಕೊಂಡಿದ್ದರು. ಜನರಿಗೆ ತಟ್ಟುವ ಯಾವ ಬದಲಾವಣೆಯನ್ನೂ ತನ್ನನ್ನು ಕೇಳಿ ಮಾಡಬೇಕು ಅಂತ ಮುಖ್ಯಸ್ಥೆ ಅಂದುಕೊಂಡಿದ್ದರು. ಇಬ್ಬರೂ ಹಾಗೆ ಅಂದುಕೊಳ್ಳಲು ಕಾರಣ ಇತ್ತು.

ಜಗಳ ಬೆಳೆದ ರೀತಿ

ವಾರದ ಮೀಟಿಂಗ್‌ನಲ್ಲಿ ಮುಖ್ಯಸ್ಥೆ ಹೇಳಿದರು: "ಜನ ನೀರು ಚೆಲ್ತಾ ಇದ್ದಾರೆ. ಬ್ಲೀಚಿಂಗ್ ಪೌಡರ್ ವಾಸನೆ ತಡೆಯೋಕೆ ಆಗ್ತಿಲ್ಲ ಅಂತಾರೆ. ಮಕ್ಕಳಿಗೆ ನದಿ ನೀರೇ ಕುಡಿಸ್ತಿದ್ದಾರೆ. ಕ್ಲೋರಿನ್ ಸ್ವಲ್ಪ ಕಡಿಮೆ ಮಾಡಿ."

ಎಂಜಿನಿಯರ್ ಹೇಳಿದ್ದು: "ನನ್ನ ಅಳತೆಯಲ್ಲಿ ಕ್ಲೋರಿನ್ ಕಡಿಮೆ ಇದೆ, ಜಾಸ್ತಿ ಅಲ್ಲ. ವಾಸನೆಗೆ ಯಾರೂ ಸಾಯಲ್ಲ. ಕಾಲರಾಕ್ಕೆ ಸಾಯ್ತಾರೆ."

ಮೀಟಿಂಗ್‌ನಲ್ಲಿ ಇಪ್ಪತ್ತು ಜನ ಇದ್ದರು. ಮುಖ್ಯಸ್ಥೆಯ ಕೈಕೆಳಗಿನ ಹುಡುಗ ಹುಡುಗಿಯರೂ ಇದ್ದರು. ಮ್ಯಾನೇಜರ್ "ಆಮೇಲೆ ಕೂತು ಮಾತಾಡೋಣ" ಅಂದು ಮುಂದಿನ ವಿಷಯಕ್ಕೆ ಹೋದರು. ಆ "ಆಮೇಲೆ" ಬರಲೇ ಇಲ್ಲ.

ಮರುದಿನ ಎಂಜಿನಿಯರ್ ಕ್ಲೋರಿನ್ ಇನ್ನಷ್ಟು ಹೆಚ್ಚಿಸಿದರು. ಅವರ ಪಾಲಿಗೆ ಅದು ಹಟವಾಗಿರಲಿಲ್ಲ. ಹಿಂದಿನ ಸಂಜೆಯ ಅಳತೆ ಕಡಿಮೆ ಬಂದಿತ್ತು, ಅಷ್ಟೇ. ಆದರೆ ಮೀಟಿಂಗ್ ಆದ ಮರುದಿನವೇ ಮಾಡಿದ್ದರಿಂದ ಎಲ್ಲರಿಗೂ ಅದು ಬೇರೆ ಥರ ಕಂಡಿತು.

ಇತ್ತ ಸ್ವಯಂಸೇವಕರು ಜನರಿಗೆ ಒಂದು ಉಪಾಯ ಹೇಳತೊಡಗಿದರು. ನೀರನ್ನು ಬಾಯಿ ತೆರೆದ ಪಾತ್ರೆಯಲ್ಲಿ ಬಿಸಿಲಿಗೆ ಇಡಿ, ವಾಸನೆ ಹೋಗುತ್ತದೆ. ಹೋಗುವುದು ನಿಜ. ವಾಸನೆಯ ಜೊತೆ ಕ್ಲೋರಿನ್ನೂ ಹೋಗುತ್ತದೆ. ಆಮೇಲೆ ಯಾರಾದರೂ ಕೊಳಕು ಕೈ ಅದ್ದಿದರೆ ಆ ನೀರಿಗೆ ಯಾವ ರಕ್ಷಣೆಯೂ ಇಲ್ಲ. ಇದು ಎಂಜಿನಿಯರ್ ಕಿವಿಗೆ ಬಿದ್ದಾಗ ಅವರಿಗೆ ಸಿಟ್ಟು ನೆತ್ತಿಗೇರಿತು. ಕ್ಲೋರಿನ್ ಸ್ಟೋರ್‌ಗೆ ಬೀಗ ಹಾಕಿ ಬೀಗದ ಕೈ ತಮ್ಮ ಬಳಿ ಇಟ್ಟುಕೊಂಡರು. ಅಳತೆಯ ಲಾಗ್‌ಬುಕ್ ತೋರಿಸುವುದನ್ನು ನಿಲ್ಲಿಸಿದರು. ನಲ್ಲಿಗಳ ಹತ್ತಿರ ಅಳತೆಗೆ ನೆರವಾಗುತ್ತಿದ್ದ ಇಬ್ಬರು ಸ್ವಯಂಸೇವಕರಿಗೆ "ನೀವಿನ್ನು ಬರೋದು ಬೇಡ" ಅಂದರು.

ಕೆಲವು ದಿನಗಳ ನಂತರ ಮುಖ್ಯಸ್ಥೆ ತಂಡದ ವಾಟ್ಸ್‌ಆಪ್ ಗುಂಪಿಗೆ ಒಂದು ಫೋಟೋ ಹಾಕಿದರು. ಒಬ್ಬ ಹೆಂಗಸು ನದಿಯಿಂದ ಕ್ಯಾನ್ ತುಂಬಿಸಿಕೊಳ್ಳುತ್ತಿದ್ದಾರೆ. ಕೆಳಗೆ ಒಂದೇ ಸಾಲು: "ನಮ್ಮ ನೀರಿನ ಯೋಜನೆಯ ಫಲ." ಆ ಗುಂಪಿನಲ್ಲಿ ಕೇಂದ್ರ ಕಚೇರಿಯವರೂ ಇದ್ದರು. ಅರ್ಧ ಗಂಟೆಯಲ್ಲಿ ಎಂಜಿನಿಯರ್‌ಗೆ ಮೇಲಿಂದ ಫೋನ್ ಬಂತು.

ಅಲ್ಲಿಂದ ತಂಡ ಎರಡಾಯಿತು. ಅದು ನೀರಿನವರು ಮತ್ತು ಸಂಪರ್ಕದವರು ಅಂತ ಆಗಿದ್ದರೆ ಅಷ್ಟು ಕಷ್ಟವಿರಲಿಲ್ಲ. ಹೊರಗಿನವರು ಮತ್ತು ಇಲ್ಲಿನವರು ಅಂತ ಆಯಿತು. ಊಟದ ಡೇರೆಯಲ್ಲಿ ಬೇರೆ ಬೇರೆ ಕೂರತೊಡಗಿದರು. ಪರಿಹಾರ ಕೆಲಸದಲ್ಲಿ ಇದು ತುಂಬಾ ಭಾರವಾಗುತ್ತದೆ, ಯಾಕಂದರೆ ಜಗಳ ಆದ ಮೇಲೆ ಹೋಗಲು ಬೇರೆ ಮನೆ ಇಲ್ಲ. ಸಂಜೆ ಐದಕ್ಕೆ ಯಾರ ಜೊತೆ ಮಾತು ಬಿಟ್ಟಿರೋ ಎಂಟಕ್ಕೆ ಅವರ ಪಕ್ಕದಲ್ಲೇ ಕೂತು ಉಣ್ಣಬೇಕು. ಮಧ್ಯೆ ಒಂದು ತೆಳು ಬಟ್ಟೆ ಅಷ್ಟೇ ಇರುವ ಡೇರೆಯಲ್ಲಿ ಮಲಗಬೇಕು.

ಮ್ಯಾನೇಜರ್ ಆಗ ಎರಡು ಕೆಲಸ ಮಾಡಿದರು. ಇಬ್ಬರಿಗೂ "ಹೊಂದಿಕೊಂಡು ಹೋಗಿ" ಅಂದರು. ಒಂದು ಸಂಜೆ ಎಲ್ಲರನ್ನೂ ಸೇರಿಸಿ ಆಟ, ಹಾಡು ಇಟ್ಟರು. ಅಂದು ಮುಖ್ಯಸ್ಥೆಯ ತಂಡದ ಅರ್ಧ ಜನ ಬರಲಿಲ್ಲ. ಬಂದವರು ಬೇಗ ಹೊರಟರು. ಯಾರೂ ಜಗಳದ ಮಾತೇ ಎತ್ತಲಿಲ್ಲ. ಮ್ಯಾನೇಜರ್ ಒಳ್ಳೆಯವರು, ನಿಜವಾಗಿಯೂ ತಂಡ ಒಂದಾಗಲಿ ಅಂತ ಬಯಸಿದ್ದರು. ಆದರೆ ಲಾಗ್‌ಬುಕ್ ಮುಚ್ಚಿರುವಾಗ, ಇಬ್ಬರನ್ನು ಕೆಲಸದಿಂದ ತೆಗೆದಿರುವಾಗ, ಹಾಡಿಗೆ ಬನ್ನಿ ಅಂದರೆ ನೋವು ಉಂಡವರಿಗೆ ಏನನ್ನಿಸುತ್ತದೆ? ನಮ್ಮ ಮಾತು ಮುಖ್ಯವಲ್ಲ, ಸುಮ್ನೆ ನಗುನಗುತ್ತಾ ಇರಿ ಅಂತಿದ್ದಾರೆ ಅನ್ನಿಸುತ್ತದೆ. ಇನ್ನೊಂದು ಮಾತೂ ಇದೆ. ಯಾರ ಕಡೆಗೂ ವಾಲುವುದಿಲ್ಲ ಅಂತ ಮ್ಯಾನೇಜರ್ ಸುಮ್ಮನಿದ್ದದ್ದರಿಂದ ಲಾಭವಾದದ್ದು ಬೀಗದ ಕೈ ಇದ್ದವರಿಗೆ.

ಒಂದು ಸಂಜೆ ಆಗಬಾರದ್ದು ಆಗಿಯೇ ಹೋಯಿತು. ಟ್ಯಾಂಕಿನ ಬಳಿ ಕ್ಲೋರಿನ್ ಹಾಕುವ ಹುಡುಗನಿಗೆ ಎಂಜಿನಿಯರ್ ಹೆಚ್ಚು ಹಾಕಲು ಹೇಳಿದ್ದರು. ಮುಖ್ಯಸ್ಥೆಯ ತಂಡದ ಹಿರಿಯ ಸ್ವಯಂಸೇವಕರೊಬ್ಬರು, ಅವನ ಪಕ್ಕದ ಡೇರೆಯವರೇ, ಕಡಿಮೆ ಹಾಕು ಅಂದಿದ್ದರು. ಬೀಗದ ಕೈ ಎಂಜಿನಿಯರ್ ಬಳಿ ಇತ್ತು, ಅವರು ಮೀಟಿಂಗ್‌ಗೆ ಹೋಗಿದ್ದರು. ಹುಡುಗ ಕಾದ. ನಲ್ಲಿಯ ಮುಂದೆ ಸಾಲು ಬೆಳೆಯಿತು, ಕೂಗಾಟ ಶುರುವಾಯಿತು. ಅವನು ಕ್ಲೋರಿನ್ ಹಾಕದೆಯೇ ನೀರು ಬಿಟ್ಟ. ಯಾರಿಗೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಅಳತೆ ಮಾಡುವಾಗ ಗೊತ್ತಾಯಿತು. ಆ ವಾರ ಶಿಬಿರದ ಕ್ಲಿನಿಕ್‌ಗೆ ಭೇದಿಯಿಂದ ಬಂದವರು ಹೆಚ್ಚಾದರು. ಕಾರಣ ಆ ಒಂದು ಟ್ಯಾಂಕೇ ಅಂತ ಹೇಳಲಾಗದು. ಕಾಲರಾ ಅಲ್ಲ ಅಂತ ಪರೀಕ್ಷೆಯಲ್ಲಿ ತಿಳಿಯಿತು. ಆದರೆ ಇನ್ನು ಇದು ಇಬ್ಬರ ಮನಸ್ತಾಪದ ವಿಷಯವಾಗಿ ಉಳಿದಿರಲಿಲ್ಲ. ಸಂಸ್ಥೆ ಹೊರಗಿನಿಂದ ಒಬ್ಬ ಮಧ್ಯಸ್ಥೆಯನ್ನು ಕರೆಸಿತು.

ಇಬ್ಬರ ಭಯವೂ ಸುಳ್ಳಲ್ಲ

ಮುಂದೆ ಹೋಗುವ ಮೊದಲು ಇಬ್ಬರ ಮನಸ್ಸಿನಲ್ಲಿದ್ದ ಭಯವನ್ನು ಸ್ವಲ್ಪ ನೋಡಬೇಕು.

ಶಿಬಿರದ ನೀರಿನ ಕೆಲಸದವರಿಗೆ ಗೋಮಾ ಅನ್ನುವ ಹೆಸರು ಗೊತ್ತು. 1994ರ ಜುಲೈನಲ್ಲಿ ರುವಾಂಡಾದಿಂದ ಓಡಿ ಬಂದ ಲಕ್ಷಾಂತರ ಜನ ಆಗಿನ ಜೈರ್ (ಈಗಿನ ಡಿ.ಆರ್. ಕಾಂಗೋ) ದೇಶದ ಗೋಮಾ ಸುತ್ತ ನೆಲೆ ನಿಂತರು. ಮೊದಲ ತಿಂಗಳಲ್ಲೇ ಸುಮಾರು 50,000 ಜನ ಸತ್ತರು, ಹೆಚ್ಚಿನವರು ಕಾಲರಾ ಮತ್ತು ರಕ್ತಭೇದಿಯಿಂದ. ಆ ಸಾವುಗಳ ನೆನಪಿನಲ್ಲೇ 1997ರಲ್ಲಿ ಸ್ಫಿಯರ್ ಕೆಲಸ ಶುರುವಾಯಿತು. ಕಾಲರಾ ತೀವ್ರವಾಗಿ ಬಂದವರು ಚಿಕಿತ್ಸೆ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಅದನ್ನು ಕಣ್ಣಾರೆ ಕಂಡವರಿಗೆ ಕ್ಲೋರಿನ್ ಕಡಿಮೆ ಮಾಡಿ ಅನ್ನುವ ಮಾತು ಕೇಳಿದರೆ ಮೈ ನಡುಗುತ್ತದೆ.

ಮುಖ್ಯಸ್ಥೆಯ ಭಯ ಬೇರೆ. ಜನರ ನಂಬಿಕೆ ಹೋದರೆ ಯಾವ ಔಷಧಿ, ಯಾವ ನೀರೂ ಉಪಯೋಗಕ್ಕೆ ಬರುವುದಿಲ್ಲ. ಪರಿಹಾರ ಕೆಲಸದ ಚರಿತ್ರೆಯಲ್ಲಿ ಇದಕ್ಕೂ ದೊಡ್ಡ ಸಾಕ್ಷಿ ಇದೆ. 2014ರ ಸೆಪ್ಟೆಂಬರ್‌ನಲ್ಲಿ ಗಿನಿ ದೇಶದ ವೊಮೆ ಗ್ರಾಮಕ್ಕೆ ಎಬೋಲಾ ಬಗ್ಗೆ ತಿಳಿವಳಿಕೆ ಕೊಡಲು ಹೋದ ತಂಡದ 8 ಮಂದಿಯನ್ನು ಗ್ರಾಮದವರು ಕೊಂದರು. ರೋಗ ತಡೆಯಲು ಬಂದವರೇ ರೋಗ ತರುತ್ತಿದ್ದಾರೆ ಅನ್ನುವ ಗುಮಾನಿ ಆ ಭಾಗದಲ್ಲಿ ಹರಡಿತ್ತು. ಈ ಶಿಬಿರದಲ್ಲೂ "ಹೊರಗಿನವರು ನೀರಿಗೆ ಏನೋ ಹಾಕ್ತಿದ್ದಾರೆ" ಅನ್ನುವ ಪಿಸುಮಾತು ಶುರುವಾಗಿತ್ತು. ಅದು ಮುಖ್ಯಸ್ಥೆಗೆ ಗೊತ್ತಿತ್ತು. ಎಂಜಿನಿಯರ್‌ಗೆ ಗೊತ್ತಿರಲಿಲ್ಲ. ಮೀಟಿಂಗ್‌ನಲ್ಲಿ ಮುಖ್ಯಸ್ಥೆ ಹೇಳಿದ್ದು ವಾಸನೆಯ ಬಗ್ಗೆ ಮಾತ್ರ. ಆ ಪಿಸುಮಾತನ್ನು ಇಪ್ಪತ್ತು ಜನರ ಮುಂದೆ ಹೇಳಲು ಅವರಿಗೆ ಮನಸ್ಸು ಬರಲಿಲ್ಲ, ಯಾಕಂದರೆ ಅದು ತಮ್ಮ ಜನರನ್ನೇ ಹೊರಗಿನವರ ಮುಂದೆ ಸಣ್ಣವರನ್ನಾಗಿ ಮಾಡುತ್ತಿತ್ತು.

ಮಧ್ಯಸ್ಥೆ ಮಾಡಿದ ಕೆಲಸ

ಮೊದಲ ದಿನ ಅವರು ಇಬ್ಬರನ್ನೂ ಎದುರುಬದುರು ಕೂರಿಸಲಿಲ್ಲ. ಮ್ಯಾನೇಜರ್ ಹತ್ತಿರ ಹೋಗಿ ಒಂದು ತಾತ್ಕಾಲಿಕ ಆದೇಶ ಬರೆಸಿದರು. ಮುಂದಿನ ತೀರ್ಮಾನದವರೆಗೆ ಕ್ಲೋರಿನ್ ಬಗ್ಗೆ ಟ್ಯಾಂಕಿನ ಹುಡುಗರಿಗೆ ಹೇಳುವವರು ಎಂಜಿನಿಯರ್ ಒಬ್ಬರೇ. ಬೀಗದ ಕೈ ಒಂದು ಅವರ ಬಳಿ, ಇನ್ನೊಂದು ಟ್ಯಾಂಕಿನ ಶಿಫ್ಟ್ ಮುಖ್ಯಸ್ಥರ ಬಳಿ. ಲಾಗ್‌ಬುಕ್ ಯಾರು ಬೇಕಾದರೂ ನೋಡಬಹುದು. ಎಂಜಿನಿಯರ್ ಗೆದ್ದರು ಅಂತ ಕೆಲವರು ಅಂದುಕೊಂಡರು. ಮಧ್ಯಸ್ಥೆ ಮುಖ್ಯಸ್ಥೆಯ ಬಳಿ ಹೋಗಿ, "ಇದು ಯಾರು ಸರಿ ಅನ್ನೋ ತೀರ್ಪಲ್ಲ. ಇವತ್ತು ರಾತ್ರಿ ಆ ಹುಡುಗನಿಗೆ ಎರಡು ಮಾತು ಕೇಳಿಸಬಾರದು, ಅದಕ್ಕೆ" ಅಂದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಸರಿಯಾದ ಹೆಜ್ಜೆ ಇದು. ಮೊದಲು ನೀರು ಸುರಕ್ಷಿತವಾಗಬೇಕು. ದೊಡ್ಡವರ ಮನಸ್ಸು ಸರಿಹೋಗುವವರೆಗೆ ಶಿಬಿರದ ಜನ ಕಾಯಬೇಕಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಮಾತಾಡಿಸಿದರು. ಶುರು ಮಾಡಿದ್ದು ಕೆಳಗಿನಿಂದ. ಕ್ಲೋರಿನ್ ಹಾಕುವ ಹುಡುಗ, ಪಂಪ್ ನೋಡುವವರು, ಕೆಲಸ ಕಳೆದುಕೊಂಡ ಇಬ್ಬರು ಸ್ವಯಂಸೇವಕರು. ಮುಖ್ಯಸ್ಥರನ್ನು ಮೊದಲು ಮಾತಾಡಿಸಿದರೆ ಅವರ ಕಥೆಯೇ ತಲೆಯಲ್ಲಿ ಕೂತುಬಿಡುತ್ತದೆ. ಆ ಹುಡುಗ ಹೇಳಿದ್ದು ಇಷ್ಟು: "ಇಬ್ಬರೂ ದೊಡ್ಡವರು. ಒಬ್ಬರ ಮಾತು ಕೇಳಿದ್ರೆ ಕೆಲಸ ಹೋಗತ್ತೆ. ಇನ್ನೊಬ್ಬರ ಮಾತು ಕೇಳದಿದ್ರೆ ಪಕ್ಕದ ಡೇರೆಯವರ ಮುಖ ನೋಡೋಕೆ ಆಗಲ್ಲ." ಅವನಿಗೆ ಶಿಕ್ಷೆ ಕೊಡಬೇಕು ಅಂತ ಕೇಂದ್ರ ಕಚೇರಿಯಿಂದ ಒತ್ತಡ ಇತ್ತು. ಈ ಮಾತು ಕೇಳಿದ ಮೇಲೆ ಮ್ಯಾನೇಜರ್ ಅದನ್ನು ಒಪ್ಪಲಿಲ್ಲ.

ಈ ಮಾತುಕತೆಗಳಲ್ಲಿ ಒಬ್ಬ ಹುಡುಗಿ ಬೇರೆಯೇ ಒಂದು ವಿಷಯ ಹೇಳಿದಳು. ನೀರಿನ ಲಾರಿಯ ಡ್ರೈವರ್ ಒಬ್ಬ ಅವಳ ಜೊತೆ ಅಸಭ್ಯವಾಗಿ ನಡೆದುಕೊಂಡಿದ್ದ. ಮಧ್ಯಸ್ಥೆ ಅದನ್ನು ತಕ್ಷಣ ಈ ಪ್ರಕರಣದಿಂದ ಬೇರೆ ಮಾಡಿದರು. ಅವಳ ಒಪ್ಪಿಗೆ ಪಡೆದು, ಲೈಂಗಿಕ ದೌರ್ಜನ್ಯದ ದೂರು ನೋಡುವ ಪ್ರತ್ಯೇಕ ವ್ಯವಸ್ಥೆಗೆ ಕಳಿಸಿದರು. ಕಿರುಕುಳ ಕೊಟ್ಟವರನ್ನೂ ಅನುಭವಿಸಿದವರನ್ನೂ ಎದುರು ಕೂರಿಸಿ ರಾಜಿ ಮಾಡಿಸುವುದು ತಪ್ಪು. ಅದನ್ನು ತಂಡದ ಭಿನ್ನಾಭಿಪ್ರಾಯ ಅಂತ ಕರೆಯುವುದೇ ಅನ್ಯಾಯ. ಶಿಬಿರಗಳಲ್ಲಿ ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿಬಿಡುತ್ತಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೂರನೆಯದಾಗಿ, ಇಬ್ಬರನ್ನೂ ಕರೆದುಕೊಂಡು ನಲ್ಲಿಗಳ ಬಳಿ ಹೋದರು. ಮನಸ್ಸಿನ ಮಾತು ಆಡಲು ಅಲ್ಲ, ಅಳತೆ ಮಾಡಲು. ಬೆಳಗ್ಗೆ ಆರಕ್ಕೆ ಒಮ್ಮೆ, ಸಂಜೆ ಆರಕ್ಕೆ ಇನ್ನೊಮ್ಮೆ. ನಲ್ಲಿಯಲ್ಲಿ, ಆಮೇಲೆ ಡೇರೆಯೊಳಗಿನ ಕ್ಯಾನ್‌ಗಳಲ್ಲಿ. ಅಳತೆ ಸುಲಭ. ಒಂದು ಪುಟ್ಟ ಪೆಟ್ಟಿಗೆಯಲ್ಲಿ ನೀರು ಹಾಕಿ ಮಾತ್ರೆ ಕರಗಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಜಾಸ್ತಿ.

ಅಲ್ಲಿ ಗೊತ್ತಾದದ್ದು ಇಡೀ ಜಗಳದ ಬೇರು. ರಾತ್ರಿಯಿಡೀ ತಂಗಿದ ನೀರು ಬೆಳಗ್ಗೆ ತಿಳಿಯಾಗಿರುತ್ತಿತ್ತು. ತಿಳಿ ನೀರು ಕ್ಲೋರಿನ್ನನ್ನು ಹೆಚ್ಚು ತಿನ್ನುವುದಿಲ್ಲ. ಹಾಗಾಗಿ ಹಾಕಿದ್ದರಲ್ಲಿ ಬಹುಪಾಲು ನೀರಿನಲ್ಲೇ ಉಳಿದು ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹಗಲು ಎರಡನೇ ಸಲ ತುಂಬಿಸಿದ ನೀರಿಗೆ ತಂಗಲು ಸಮಯ ಸಿಗುತ್ತಿರಲಿಲ್ಲ. ಕೆಸರು ನೀರು. ಅದೇ ಪ್ರಮಾಣದ ಕ್ಲೋರಿನ್ ಕೆಸರಿಗೇ ಖರ್ಚಾಗಿ ಸಂಜೆಗೆ ಏನೂ ಉಳಿಯುತ್ತಿರಲಿಲ್ಲ. ಎಂಜಿನಿಯರ್‌ನ ತಂಡ ದಿನದ ರಿಪೋರ್ಟ್‌ಗಾಗಿ ಅಳತೆ ಮಾಡುತ್ತಿದ್ದದ್ದು ಸಂಜೆ. ಕಡಿಮೆ ಬಂತು, ಹೆಚ್ಚಿಸಿ ಅನ್ನುತ್ತಿದ್ದರು. ಮುಖ್ಯಸ್ಥೆಯ ತಂಡ ಮನೆಮನೆಗೆ ಹೋಗುತ್ತಿದ್ದದ್ದು ಬೆಳಗ್ಗೆ. ವಾಸನೆ ಅಂತ ದೂರು ಬಂತು, ಇಳಿಸಿ ಅನ್ನುತ್ತಿದ್ದರು. ಸಂಜೆಯ ಕೊರತೆ ನೋಡಿ ಹೆಚ್ಚಿಸಿದಷ್ಟೂ ಬೆಳಗಿನ ನೀರು ಇನ್ನೂ ಘಾಟಾಗುತ್ತಿತ್ತು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು, ದಿನದ ಬೇರೆ ಬೇರೆ ಹೊತ್ತಿನ ನಿಜ.

ನಲ್ಲಿಯಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುವುದು ಸ್ಫಿಯರ್ ಅಳತೆ. ರೋಗದ ಭಯ ಇದ್ದಾಗ ಇನ್ನೂ ಸ್ವಲ್ಪ ಹೆಚ್ಚು ಇಡುತ್ತಾರೆ. ಆರೋಗ್ಯದ ದೃಷ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮೇಲಿನ ಮಿತಿ 5 ಮಿಲಿಗ್ರಾಂ. ಆದರೆ ಅದಕ್ಕಿಂತ ಎಷ್ಟೋ ಕಡಿಮೆ ಇದ್ದಾಗಲೇ ಅಭ್ಯಾಸವಿಲ್ಲದವರ ನಾಲಿಗೆಗೆ ರುಚಿ ಗೊತ್ತಾಗುತ್ತದೆ. ಬೆಳಗಿನ ನೀರು ಅಪಾಯಕಾರಿ ಆಗಿರಲಿಲ್ಲ ಅನ್ನುವ ಎಂಜಿನಿಯರ್ ಮಾತು ಸರಿ. ಜನ ಅದನ್ನು ಕುಡಿಯಲಿಲ್ಲ ಅನ್ನುವ ಮುಖ್ಯಸ್ಥೆಯ ಮಾತೂ ಸರಿ.

ಇನ್ನೊಂದು ಸಂಗತಿ ಇಬ್ಬರಿಗೂ ಹೊಸದು. ಟ್ಯಾಂಕಿನಿಂದ ದೂರದ ಮೂರು ಬ್ಲಾಕ್‌ಗಳ ಹೆಂಗಸರು ನದಿಗೆ ಹೋಗುತ್ತಿದ್ದದ್ದು ವಾಸನೆಯಿಂದಲ್ಲ. ಸಾಲಿನಿಂದ. 24 ಇರಬೇಕಾದ ಕಡೆ 18 ನಲ್ಲಿ ಅಂದೆನಲ್ಲ, ಅದರಲ್ಲೂ ಆ ಕಡೆ ತೀರಾ ಕಡಿಮೆ ಇದ್ದವು. ಒಂದು ಗಂಟೆಗೂ ಜಾಸ್ತಿ ಕಾಯಬೇಕಿತ್ತು. ನದಿ ಹತ್ತಿರ. ವಾಟ್ಸ್‌ಆಪ್‌ನಲ್ಲಿ ಬಂದ ಆ ಫೋಟೋ ಕೂಡ ಅದೇ ಬ್ಲಾಕ್‌ನದ್ದು. ಇಷ್ಟು ದಿನ ಕ್ಲೋರಿನ್ ಬಗ್ಗೆ ಕಿತ್ತಾಡಿದವರಲ್ಲಿ ಒಬ್ಬರೂ ಆ ಹೆಂಗಸನ್ನು ಯಾಕೆ ನದಿಗೆ ಹೋಗುತ್ತೀರಿ ಅಂತ ಕೇಳಿರಲಿಲ್ಲ.

ಕೆಲಸ ಸರಿಪಡಿಸಿದ್ದು

ಇದಾದ ಮೇಲೆ ಕೆಲಸದ ತೀರ್ಮಾನಗಳು ಬೇಗ ಆದವು. ಪ್ರತಿ ಟ್ಯಾಂಕಿನ ನೀರಿಗೂ ಮೊದಲು ಬಕೆಟ್‌ಗಳಲ್ಲಿ ಬೇರೆ ಬೇರೆ ಪ್ರಮಾಣದ ಕ್ಲೋರಿನ್ ಹಾಕಿ, ಅರ್ಧ ಗಂಟೆ ಬಿಟ್ಟು ಅಳೆದು, ಆ ದಿನದ ಪ್ರಮಾಣ ಗೊತ್ತುಮಾಡುವುದು. ಮನೆಯ ಕ್ಯಾನ್‌ನಲ್ಲೂ ಅಳತೆ. ಈ ಅಳತೆಯನ್ನು ಸ್ವಯಂಸೇವಕರೇ ಮಾಡುವುದು. ದೂರದ ಬ್ಲಾಕ್‌ಗಳಲ್ಲಿ ಹೊಸ ನಲ್ಲಿ.

ಅಧಿಕಾರದ ವಿಷಯವನ್ನೂ ಒಂದು ಹಾಳೆಯಲ್ಲಿ ಬರೆದರು. ಪ್ರಮಾಣ ನಿಗದಿ ಎಂಜಿನಿಯರ್‌ದು. ಆದರೆ ಅದನ್ನು ದೊಡ್ಡದಾಗಿ ಬದಲಿಸುವ ಮೊದಲು ಮುಖ್ಯಸ್ಥೆಗೆ ತಿಳಿಸಬೇಕು, ಜನರಿಗೆ ಹೇಳಲು ಅವರಿಗೆ ಒಂದು ದಿನ ಸಿಗಬೇಕು. ತುರ್ತಿದ್ದರೆ ಮಾತ್ರ ಮೊದಲು ಬದಲಾವಣೆ, ಆಮೇಲೆ ತಿಳಿಸುವುದು. ನೀರನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಜನರಿಗೆ ಏನು ಹೇಳಬೇಕು ಅನ್ನುವುದು ಮುಖ್ಯಸ್ಥೆಯದು. ಅದರ ತಾಂತ್ರಿಕ ಭಾಗಕ್ಕೆ ಎಂಜಿನಿಯರ್ ಒಪ್ಪಿಗೆ ಬೇಕು. ಇಬ್ಬರಿಗೂ ಹೊಂದದಿದ್ದರೆ ಅದೇ ದಿನ ಮ್ಯಾನೇಜರ್ ತೀರ್ಮಾನಿಸಬೇಕು. ಇದಕ್ಕಾಗಿ ಕೇಂದ್ರ ಕಚೇರಿ ಎಂಜಿನಿಯರ್ ಅನ್ನು ದಿನನಿತ್ಯದ ಕೆಲಸದಲ್ಲಿ ಮ್ಯಾನೇಜರ್ ಕೆಳಗೆ ತಂದಿತು. ಇದಕ್ಕೆ ಎರಡು ವಾರ ಪತ್ರ ವ್ಯವಹಾರ ಬೇಕಾಯಿತು. ಇದಿಲ್ಲದೆ ಉಳಿದದ್ದೆಲ್ಲ ಬಾಯಿ ಮಾತಾಗುತ್ತಿತ್ತು.

ಸಂಬಂಧ ಸರಿಪಡಿಸಿದ್ದು

ಕಾರಣ ಗೊತ್ತಾದ ತಕ್ಷಣ ಮನಸ್ಸು ಸರಿಹೋಗುವುದಿಲ್ಲ. ಮ್ಯಾನೇಜರ್‌ಗೆ ಹಾಗೆ ಅನ್ನಿಸಿತ್ತು. "ಇಬ್ಬರೂ ಸರಿ ಅಂತ ಆಯ್ತಲ್ಲ, ಇನ್ನೇನು?" ಅಂದರಂತೆ. ಆದರೆ ಇಪ್ಪತ್ತು ಜನರ ಮುಂದೆ ಆಡಿದ ಮಾತು ಇತ್ತು, ಆ ಫೋಟೋ ಇತ್ತು, ಕೆಲಸ ಹೋದ ಇಬ್ಬರು ಇದ್ದರು.

ಆಸ್ಟ್ರಿಯಾದ ಫ್ರೆಡ್ರಿಕ್ ಗ್ಲಾಸ್ಲ್ 1980ರಲ್ಲಿ ಜಗಳ ಬೆಳೆಯುವುದಕ್ಕೆ ಒಂಬತ್ತು ಮೆಟ್ಟಿಲುಗಳನ್ನು ಗುರುತಿಸಿದರು. ಈ ಪ್ರಕರಣ ಆ ಮೆಟ್ಟಿಲುಗಳಲ್ಲಿ ಎಲ್ಲಿತ್ತು ಅಂತ ನೋಡಿದರೆ ಮಧ್ಯಸ್ಥೆಯ ಹೆಜ್ಜೆಗಳು ಸ್ಪಷ್ಟವಾಗುತ್ತವೆ. ಮೊದಲ ಮೂರು ಮೆಟ್ಟಿಲುಗಳಲ್ಲಿ ಇಬ್ಬರೂ ಗೆಲ್ಲುವ ದಾರಿ ಇನ್ನೂ ತೆರೆದಿರುತ್ತದೆ. ಅಭಿಪ್ರಾಯ ಗಟ್ಟಿಯಾಗುವುದು, ವಾದ, ಆಮೇಲೆ ಮಾತು ಬಿಟ್ಟು ಕೃತಿಗೆ ಇಳಿಯುವುದು. ಕ್ಲೋರಿನ್ ಹೆಚ್ಚಿಸಿದ್ದು, ಬಿಸಿಲಿಗೆ ಇಡಿ ಅಂದದ್ದು ಈ ಮೂರನೆಯದು. ನಾಲ್ಕನೆಯದರಲ್ಲಿ ಗುಂಪು ಕಟ್ಟುವುದು, ಐದನೆಯದರಲ್ಲಿ ಎದುರಾಳಿಯ ಮಾನ ತೆಗೆಯುವುದು. ಫೋಟೋ ಬಂದ ದಿನ ತಂಡ ಐದನೆಯದರಲ್ಲಿತ್ತು. ಮೊದಲ ಮೂರರಲ್ಲಿದ್ದಾಗ ಮ್ಯಾನೇಜರ್ ಒಂದು ಗಂಟೆ ಕೂತು ಮಾತಾಡಿಸಿದ್ದರೆ ಸಾಕಿತ್ತು. ಐದರಲ್ಲಿ ಇಬ್ಬರೇ ಕೂತು ಬಗೆಹರಿಸಿಕೊಳ್ಳಿ ಅಂದರೆ ಆಗುವುದಿಲ್ಲ. ಇಬ್ಬರೂ ನಂಬುವ ಮೂರನೆಯವರು ಬೇಕು.

ಮಧ್ಯಸ್ಥೆ ಇಬ್ಬರಿಗೂ ಮೊದಲು ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಕೇಳಿದರು: ನಿಮಗೆ ಯಾವ ಘಳಿಗೆ ಅತಿ ಹೆಚ್ಚು ನೋವಾಯಿತು? ಮುಖ್ಯಸ್ಥೆ ಹೇಳಿದ್ದು ಮೀಟಿಂಗ್‌ನ ಮಾತನ್ನಲ್ಲ. ಸ್ವಯಂಸೇವಕರಿಬ್ಬರನ್ನು ತನಗೆ ಹೇಳದೆ ತೆಗೆದದ್ದನ್ನು. ಅವರಲ್ಲಿ ಒಬ್ಬಳ ಮನೆಗೆ ಸ್ವಯಂಸೇವಕರಿಗೆ ಸಿಗುತ್ತಿದ್ದ ಭತ್ಯೆಯೇ ಆಧಾರವಾಗಿತ್ತು. ಎಂಜಿನಿಯರ್ ಹೇಳಿದ್ದು ಫೋಟೋವನ್ನಲ್ಲ. ಊಟದ ಡೇರೆಯಲ್ಲಿ ತಾನು ಬಂದಾಗ ಎಲ್ಲರೂ ಭಾಷೆ ಬದಲಿಸಿ ಮಾತಾಡತೊಡಗಿದ್ದನ್ನು. ಇಬ್ಬರೂ ಇನ್ನೊಬ್ಬರಿಗೆ ಎಲ್ಲಿ ನೋವಾಗಿದೆ ಅಂತ ಊಹಿಸಿದ್ದು ತಪ್ಪಾಗಿತ್ತು. ಹಾಗಾಗಿ ಅದುವರೆಗೆ ಅಲ್ಲಿ ಇಲ್ಲಿ ಹೇಳಿ ಕಳಿಸಿದ್ದ ಕ್ಷಮೆಯ ಮಾತುಗಳೆಲ್ಲ ತಾಗಬೇಕಾದಲ್ಲಿ ತಾಗಿರಲಿಲ್ಲ.

ಮೂವರೇ ಕೂತ ಮಾತುಕತೆ ಸುಮಾರು ಎರಡು ಗಂಟೆ ನಡೆಯಿತು. ನಿಯಮ ಒಂದೇ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ಮತ್ತೆ ಹೇಳಬೇಕು. ಹೇಳಿದವರು "ಹೌದು, ಇದೇ" ಅಂದ ಮೇಲೆ ಮಾತ್ರ ಉತ್ತರ. ಮೊದಲ ಅರ್ಧ ಗಂಟೆ ಇದು ಸರಿಯಾಗಿ ನಡೆಯಲೇ ಇಲ್ಲ, ಇಬ್ಬರೂ ಇನ್ನೊಬ್ಬರ ಮಾತಿಗೆ ತಮ್ಮದೇ ಒಗ್ಗರಣೆ ಹಾಕಿ ಹೇಳುತ್ತಿದ್ದರು. ಮಧ್ಯಸ್ಥೆ ಬಿಡಲಿಲ್ಲ. ನೀರಿನ ಬಗ್ಗೆ ಹರಡಿದ್ದ ಪಿಸುಮಾತನ್ನು ಮುಖ್ಯಸ್ಥೆ ಹೇಳಿದ್ದು ಇಲ್ಲೇ. ಎಂಜಿನಿಯರ್ ತುಂಬ ಹೊತ್ತು ಸುಮ್ಮನಿದ್ದು, "ಇದನ್ನು ಮೊದಲೇ ಹೇಳಿದ್ದರೆ ನಾನು ನಿಮ್ಮ ಮಾತನ್ನು ಬೇರೆ ಥರ ಕೇಳ್ತಿದ್ದೆ" ಅಂದರು. "ಹೇಳೋಕೆ ನೀವು ಜಾಗ ಬಿಟ್ಟಿರಲಿಲ್ಲ" ಅಂದರು ಮುಖ್ಯಸ್ಥೆ. ಆ ಮಾತನ್ನೂ ಎಂಜಿನಿಯರ್ ನಿಯಮದಂತೆ ಮತ್ತೆ ಹೇಳಬೇಕಾಯಿತು.

ಮುಂದಿನ ವಾರದ ಮೀಟಿಂಗ್‌ನಲ್ಲಿ ಎಂಜಿನಿಯರ್ ಅದೇ ಇಪ್ಪತ್ತು ಜನರ ಮುಂದೆ, ತಾನು ಅಂದು ಆಡಿದ ಮಾತು ತಪ್ಪು, ಇಬ್ಬರು ಸ್ವಯಂಸೇವಕರನ್ನು ತೆಗೆದದ್ದು ಅನ್ಯಾಯ ಅಂದರು. ಮುಖ್ಯಸ್ಥೆ ವಾಟ್ಸ್‌ಆಪ್ ಗುಂಪಿನಲ್ಲೇ ಫೋಟೋ ಬಗ್ಗೆ ಬರೆದರು, ಆ ಹೆಂಗಸಿನ ಒಪ್ಪಿಗೆ ಕೇಳದೆ ಹಾಕಿದ್ದೂ ತಪ್ಪು ಅಂತ ಸೇರಿಸಿದರು. ನೋವು ಎಲ್ಲಿ ಆಗಿತ್ತೋ ಅಲ್ಲೇ ಕ್ಷಮೆ. ಎಲ್ಲರ ಮುಂದೆ ಅವಮಾನ ಮಾಡಿ ಕೋಣೆಯಲ್ಲಿ ಕ್ಷಮೆ ಕೇಳಿದರೆ ಉಳಿದ ತಂಡಕ್ಕೆ ಅವಮಾನವಷ್ಟೇ ಗೊತ್ತಿರುತ್ತದೆ.

ಬಗೆಹರಿಯದೆ ಉಳಿದದ್ದು

ತೆಗೆದಿದ್ದ ಇಬ್ಬರಲ್ಲಿ ಒಬ್ಬಳು ವಾಪಸ್ ಬಂದಳು. ಇನ್ನೊಬ್ಬ ಬರಲಿಲ್ಲ. ಎಂಜಿನಿಯರ್ ಮತ್ತು ಮುಖ್ಯಸ್ಥೆ ಸ್ನೇಹಿತರಾಗಲಿಲ್ಲ. ದಿನಾ ಬೆಳಗ್ಗೆ ಟ್ಯಾಂಕಿನ ಬಳಿ ಹದಿನೈದು ನಿಮಿಷ ನಿಂತು ಹಿಂದಿನ ದಿನದ ಅಳತೆ, ದೂರು ಎರಡನ್ನೂ ಒಟ್ಟಿಗೆ ನೋಡುತ್ತಿದ್ದರು. ಅಷ್ಟು ಸಾಕಿತ್ತು. ಪರಿಹಾರ ಕೆಲಸದಲ್ಲಿ ಎಲ್ಲರೂ ಒಂದೇ ಕುಟುಂಬದಂತಿರಬೇಕು ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಅದರಿಂದ ಭಿನ್ನಾಭಿಪ್ರಾಯ ಹೇಳುವವರು ಮನೆಮುರುಕರಂತೆ ಕಾಣಿಸತೊಡಗುತ್ತಾರೆ.

ದೊಡ್ಡದಾಗಿ ಉಳಿದದ್ದು ಇನ್ನೊಂದು. ಎಂಜಿನಿಯರ್‌ಗೆ ಪ್ರತಿ ಎಂಟು ವಾರಕ್ಕೆ ಸಂಸ್ಥೆಯ ಖರ್ಚಿನಲ್ಲಿ ವಿಶ್ರಾಂತಿ ರಜೆ ಇತ್ತು. ಮನೆ ಕಳೆದುಕೊಂಡಿದ್ದ ಮುಖ್ಯಸ್ಥೆಗೆ ಇರಲಿಲ್ಲ. ಮುಂದಿನ ತಿಂಗಳು ಕೆಲಸ ಇರುತ್ತದೋ ಇಲ್ಲವೋ ಅಂತಲೂ ಗೊತ್ತಿರಲಿಲ್ಲ. ಪ್ರಪಂಚದಲ್ಲಿ ಪರಿಹಾರ ಕೆಲಸ ಮಾಡುವವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಆಯಾ ದೇಶದವರೇ. ಅಪಾಯದಲ್ಲಿ ದೊಡ್ಡ ಪಾಲು ಅವರದೇ. ಸಂಬಳ, ರಜೆ, ಭದ್ರತೆಯಲ್ಲಿ ಮಾತ್ರ ಅವರ ಪಾಲು ಚಿಕ್ಕದು. ಪರಿಹಾರ ಸಂಸ್ಥೆಗಳು ಹೇಗೆ ನಡೆದುಕೊಳ್ಳಬೇಕು ಅನ್ನುವ ಮಾನದಂಡವಾದ ಕೋರ್ ಹ್ಯುಮ್ಯಾನಿಟೇರಿಯನ್ ಸ್ಟ್ಯಾಂಡರ್ಡ್ 2014ರಲ್ಲಿ ಬಂದಾಗಲೇ ಸಿಬ್ಬಂದಿಯನ್ನು ನ್ಯಾಯವಾಗಿ ನೋಡಿಕೊಳ್ಳಬೇಕು ಅಂತ ಹೇಳಿತ್ತು. ಇಲ್ಲಿ ತಂಡ ಒಡೆದಾಗ ಅದು ಹೊರಗಿನವರು, ಇಲ್ಲಿನವರು ಅಂತಲೇ ಒಡೆದದ್ದು ಆಕಸ್ಮಿಕವಲ್ಲ. ಆ ಬಿರುಕು ಮೊದಲೇ ಇತ್ತು. ಯಾವ ಮಧ್ಯಸ್ಥೆಯೂ ಅದನ್ನು ಮಾತಿನಿಂದ ಮುಚ್ಚಲಾರರು.

ಮ್ಯಾನೇಜರ್ ಸ್ಥಳೀಯ ಸಿಬ್ಬಂದಿಗೂ ಎಂಟು ವಾರಕ್ಕೊಮ್ಮೆ ಐದು ದಿನ ಸಂಬಳ ಸಹಿತ ರಜೆ, ಕನಿಷ್ಠ ಆರು ತಿಂಗಳ ಕರಾರು ಕೇಳಿ ಕೇಂದ್ರ ಕಚೇರಿಗೆ ಬರೆದರು. ರಜೆಗೆ ಒಪ್ಪಿಗೆ ಸಿಕ್ಕಿತು. ಕರಾರು ಮೂರು ತಿಂಗಳಿಗೆ ನಿಂತಿತು. ಎಂಜಿನಿಯರ್ ಕರಾರು ಮುಗಿದು ಹೊರಟಾಗ, ಹೊಸಬರಿಗೆ ಕೆಲಸ ಒಪ್ಪಿಸುವ ವಾರದಲ್ಲಿ ಪಂಪ್, ಟ್ಯಾಂಕಿನ ವಿವರದ ಜೊತೆ ಆ ಅಧಿಕಾರದ ಹಾಳೆಯನ್ನೂ ಓದಿಸಿದರು. ಹೊಸ ಎಂಜಿನಿಯರ್‌ಗೆ ಅದರ ಒಂದು ಅಂಶ ಹಿಡಿಸಲಿಲ್ಲ. ಒಂದು ದಿನ ಮೊದಲೇ ತಿಳಿಸಬೇಕು ಅನ್ನುವುದು ಮಳೆಗಾಲದಲ್ಲಿ ನಡೆಯುವುದಿಲ್ಲ ಅಂದರು, ನೀರಿನ ಕೆಸರು ಗಂಟೆಗಂಟೆಗೂ ಬದಲಾಗುತ್ತದೆ. ಮುಖ್ಯಸ್ಥೆ, ಮ್ಯಾನೇಜರ್, ಹೊಸಬರು ಮೂವರೂ ಕೂತು ಆ ಸಾಲನ್ನು ತಿದ್ದಿದರು. ಮಳೆಗಾಲದಲ್ಲಿ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಫೋನ್ ಮಾಡಿ ತಿಳಿಸಿದರೆ ಸಾಕು ಅಂತಾಯಿತು.